ಕಿಟ್ ಹಾಕಿಕೊಂಡಿದ್ದರೂ ನರ್ಸಿಗೆ ಸೋಂಕು ಹೇಗೆ ಬಂತು?

ನರ್ಸಿಂಗ್ ಮೊದಲ ವರ್ಷದ ವಿದ್ಯಾರ್ಥಿಗಳಿಗೆ ಸೋಂಕು ನಿಯಂತ್ರಣದ ಪಾಠ ಶುರುವಾಗುವ ದಿನ ನಾನು ಮನೆಯಿಂದ ಒಂದು ಡಬ್ಬಿ ಅರಿಶಿನ ಒಯ್ಯುತ್ತೇನೆ. ಅದನ್ನು ಸ್ವಲ್ಪ ಎಣ್ಣೆಯಲ್ಲಿ ಕಲಸಿ, ಸೋಂಕು ತಗಲದಂತೆ ಹಾಕಿಕೊಳ್ಳುವ ಪಿಪಿಇ ಕಿಟ್ ತೊಟ್ಟು ನಿಂತ ಒಬ್ಬಳ ಕೈಗವಸಿಗೆ, ಗೌನಿನ ಎದೆಗೆ, ಮಾಸ್ಕಿನ ಮುಂಭಾಗಕ್ಕೆ ಸವರುತ್ತೇನೆ. "ಈಗ ಒಂದೊಂದಾಗಿ ಬಿಚ್ಚು. ಮೈಗೆ ತಾಗಬಾರದು" ಎನ್ನುತ್ತೇನೆ. ಹುಡುಗಿ ಉಸಿರು ಬಿಗಿಹಿಡಿದು ಬಿಚ್ಚುತ್ತಾಳೆ. ಆಮೇಲೆ ಇಡೀ ತರಗತಿ ಅವಳ ಮೈಮೇಲೆ ಹಳದಿ ಹುಡುಕುತ್ತದೆ. ಮಣಿಕಟ್ಟಿನ ಒಳಭಾಗ, ಕಿವಿಯ ಹಿಂದೆ, ಕುತ್ತಿಗೆ, ಈ ಮೂರರಲ್ಲಿ ಒಂದು ಕಡೆಯಾದರೂ ಸಿಕ್ಕೇ ಸಿಗುತ್ತದೆ. ಅರಿಶಿನದೆಣ್ಣೆ ಶಾಸ್ತ್ರ ಮುಗಿಸಿ ಬಂದ ಮದುಮಗಳಂತೆ ಕಾಣುವವರೂ ಇದ್ದಾರೆ.

ನಗು ಅಡಗಿದ ಮೇಲೆ ಯಾರಾದರೂ ಒಬ್ಬರು ಕೇಳುತ್ತಾರೆ: "ಮೇಡಂ, ನಿಮಗೂ ಕೋವಿಡ್ ಬಂದಿತ್ತಂತೆ. ಕಿಟ್ ಹಾಕಿಕೊಂಡಿರಲಿಲ್ಲವೇ?"

ಹಾಕಿಕೊಂಡಿದ್ದೆ. 2020ರ ಆಗಸ್ಟಿನಲ್ಲಿ ನಾನು ಕೋಲಾರ ಜಿಲ್ಲೆಯ ಒಂದು ಆಸ್ಪತ್ರೆಯ ಕೋವಿಡ್ ವಾರ್ಡಿನಲ್ಲಿ ಸ್ಟಾಫ್ ನರ್ಸ್ ಆಗಿದ್ದೆ. ಇದೇ ಪ್ರಶ್ನೆಯನ್ನು ಆಗ ಬಾಡಿಗೆ ಮನೆಯ ಮಾಲೀಕರು ಕೇಳಿದ್ದರು, ನಮ್ಮ ಅತ್ತೆ ಕೇಳಿದ್ದರು, ಮೇಲಧಿಕಾರಿಯೊಬ್ಬರು ಎದುರಿಗೆ ಒಂದು ಫಾರಂ ಇಟ್ಟುಕೊಂಡು ಕೇಳಿದ್ದರು. ಹುಡುಗಿಯರು ತಿಳಿದುಕೊಳ್ಳಲು ಕೇಳುತ್ತಾರೆ. ಆ ಮೂವರು ಕೇಳಿದ ದನಿಯೇ ಬೇರೆ ಇತ್ತು, ಎಲ್ಲೋ ನೀನೇ ಎಡವಿದ್ದೀಯೆ ಎನ್ನುವಂತೆ. ಅಂದು ನನಗೆ ಕೆಮ್ಮು. ಉತ್ತರ ಹೇಳುವಷ್ಟು ಉಸಿರಿರಲಿಲ್ಲ. ಇಂದು ಸಾವಕಾಶವಾಗಿ ಹೇಳುತ್ತೇನೆ.

ಕಿಟ್ಟಿನಿಂದಲೇ ಶುರು ಮಾಡೋಣ. ಟಿವಿಯಲ್ಲಿ ಕಂಡ ಬಿಳಿ ಮೇಲಂಗಿಯೇ ಕಿಟ್ಟಿನ ಜೀವ ಎಂದು ಬಹಳ ಜನ ತಿಳಿದಿದ್ದಾರೆ. ಆ ಅಂಗಿ ಕಾಯುವುದು ಬಟ್ಟೆಯನ್ನು ಮತ್ತು ಚರ್ಮವನ್ನು. ಕೊರೊನಾ ವೈರಸ್ಸಿಗೆ ಚರ್ಮದಲ್ಲಿ ಕೆಲಸವಿಲ್ಲ. ಅದಕ್ಕೆ ಬೇಕಾದದ್ದು ಮೂಗು, ಬಾಯಿ, ಕಣ್ಣು. ಹಾಗಾಗಿ ಕಿಟ್ಟಿನೊಳಗೆ ನಿಜವಾಗಿ ಪ್ರಾಣ ಕಾಯುವ ತುಂಡು ಎನ್95 ಮಾಸ್ಕ್. 95 ಎಂದರೆ ಸುಮಾರು 0.3 ಮೈಕ್ರಾನ್ ಗಾತ್ರದ ಕಣಗಳಲ್ಲಿ ನೂರಕ್ಕೆ ಕನಿಷ್ಠ 95ನ್ನು ಅದರ ಪದರ ಹಿಡಿದಿಡುತ್ತದೆ ಎಂದರ್ಥ. ಪದರ ಹಿಡಿಯುತ್ತದೆ, ಸರಿ, ಅಂಚು? ಗಾಳಿ ಸುಲಭದ ದಾರಿ ಹುಡುಕುತ್ತದೆ. ಮೂಗಿನ ಪಕ್ಕದಲ್ಲಿ ಒಂದು ಎಳೆ ದಾರದಷ್ಟು ಸಂದಿ ಸಿಕ್ಕರೆ, ಅಷ್ಟು ದಪ್ಪ ಪದರದೊಳಗೆ ನುಗ್ಗುವ ಕಷ್ಟವನ್ನು ಅದು ಯಾಕೆ ಪಡಬೇಕು?

ತಲೆಯ ಹಿಂದೆ ಎರಡು ಪಟ್ಟಿ ಎಳೆದು ಹಾಕುವ ಮಾಸ್ಕ್ ಮುಖಕ್ಕೆ ಬಿಗಿಯಾಗಿ ಕೂರುತ್ತದೆ. ನಮ್ಮ ವಾರ್ಡಿಗೆ ಬಂದವುಗಳಲ್ಲಿ ಹೆಚ್ಚಿನವು ಕಿವಿಗೆ ಸಿಕ್ಕಿಸುವಂಥವು, ಎಲ್ಲರಿಗೂ ಒಂದೇ ಅಳತೆ. ನನ್ನದು ಸಣ್ಣ ಮುಖ. ಮಾತಾಡಿದರೆ ಮಾಸ್ಕ್ ಜಾರುತ್ತಿತ್ತು, ಗಾಗಲ್ಸ್ ಮಂಜಾಗುತ್ತಿತ್ತು. ಮಂಜಿನ ಬಗ್ಗೆ ನಾವೆಲ್ಲ ಗೊಣಗಿದ್ದೇ ಗೊಣಗಿದ್ದು. ಸೂಜಿ ಚುಚ್ಚಲು ನರ ಕಾಣುವುದಿಲ್ಲ, ಡ್ರಿಪ್ಪಿನ ಹನಿ ಎಣಿಸಲಾಗುವುದಿಲ್ಲ ಎಂದು. ಒಳಗಿನಿಂದ ಗಾಜಿಗೆ ಸೋಪಿನ ನೀರು ಸವರಿದರೆ ಮಂಜು ಹಿಡಿಯುವುದಿಲ್ಲವೆಂದು ಯಾರೋ ಹೇಳಿದರು, ಎಲ್ಲರೂ ಸವರಿಕೊಂಡೆವು. ಆ ಮಂಜು ಏನನ್ನು ಹೇಳುತ್ತಿದೆ ಎಂದು ಒಬ್ಬರಿಗೂ ಹೊಳೆಯಲಿಲ್ಲ. ನನ್ನ ಉಸಿರು ಮಾಸ್ಕಿನ ಮೇಲಂಚಿನಿಂದ ಹೊರಗೆ ಹೋಗುತ್ತಿದೆ ಎಂದರೆ ವಾರ್ಡಿನ ಗಾಳಿ ಅದೇ ಸಂದಿಯಿಂದ ಒಳಗೆ ಬರುತ್ತಿದೆ. ದೂರು ಹೇಳಲು ಬಂದವನ ಬಾಯಿಗೆ ಸೋಪು ಸವರಿ ಕಳುಹಿಸಿದಂತಾಯಿತು.

ಇಲ್ಲಿ ವಿಜ್ಞಾನದ ಒಂದು ಎಡವಟ್ಟನ್ನೂ ಹೇಳಬೇಕು. 2020ರ ಮಾರ್ಚಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಕೋವಿಡ್ ಗಾಳಿಯಿಂದ ಹರಡುವ ರೋಗವಲ್ಲ ಎಂದು ಜಗತ್ತಿಗೆಲ್ಲ ಸಾರಿತ್ತು. ಕೆಮ್ಮಿದಾಗ ಹಾರುವ ದೊಡ್ಡ ಹನಿಗಳು ಒಂದೆರಡು ಮೀಟರಿನೊಳಗೆ ನೆಲಕ್ಕೆ ಬೀಳುತ್ತವೆ, ಕೈ ತೊಳೆಯಿರಿ, ದೂರ ನಿಲ್ಲಿ ಎಂಬುದು ಅಂದಿನ ತಿಳಿವಳಿಕೆ. ಮಾತಾಡುವಾಗ, ಉಸಿರಾಡುವಾಗಲೂ ಹೊರಬರುವ ಬಹಳ ಸಣ್ಣ ಕಣಗಳು ಊದುಬತ್ತಿಯ ಹೊಗೆಯಂತೆ ಮುಚ್ಚಿದ ಕೋಣೆಯಲ್ಲಿ ಗಂಟೆಗಟ್ಟಲೆ ತೇಲುತ್ತವೆ ಎನ್ನುವುದನ್ನು ಅಧಿಕೃತ ಸಲಹೆಗಳು ಒಪ್ಪಿಕೊಳ್ಳಲು ವರ್ಷವೇ ಹಿಡಿಯಿತು. ಆ ಹೊತ್ತಿಗೆ ನಾವು ಹೈಪೋಕ್ಲೋರೈಟ್ ದ್ರಾವಣದಲ್ಲಿ ನೆಲ, ಮಂಚ, ಬಾಗಿಲ ಹಿಡಿಕೆ ಒರೆಸಿ ಒರೆಸಿ ಕೈ ಸುಟ್ಟುಕೊಂಡಿದ್ದೆವು. ಕಿಟಕಿಗಳು ಮಾತ್ರ ಮುಚ್ಚಿಯೇ ಇದ್ದವು.

ಇನ್ನು ಸಮಯದ ಲೆಕ್ಕ. ಸೋಂಕು ಎನ್ನುವುದು ಒಂದು ಕಣ ಮೂಗಿಗೆ ಹೋದ ಕೂಡಲೇ ಆಗುವ ಘಟನೆಯಲ್ಲ. ಎಷ್ಟು ವೈರಸ್, ಎಷ್ಟು ಹತ್ತಿರ, ಎಷ್ಟು ಹೊತ್ತು, ಇವು ಮೂರೂ ಕೂಡಿ ಅಪಾಯ ಏರುತ್ತದೆ. ವೈದ್ಯರು ರೌಂಡ್ಸಿಗೆ ಬಂದರೆ ಒಂದು ಮಂಚದ ಬಳಿ ಕೆಲವು ನಿಮಿಷ. ಅವರನ್ನು ಹಳಿಯಲು ಈ ಮಾತು ಹೇಳುತ್ತಿಲ್ಲ, ಅವರ ಕೆಲಸ ಹಾಗೆ. ನಮ್ಮದು ಕಿಟ್ಟಿನೊಳಗೆ ಆರು ಗಂಟೆ. ಆಕ್ಸಿಜನ್ ಮಾಸ್ಕ್ ಕಿತ್ತೆಸೆಯುವವರಿಗೆ ಮತ್ತೆ ತೊಡಿಸಬೇಕು, ಬೋರಲು ಮಲಗಿಸಬೇಕು, ಕಫ ಹೀರಿ ತೆಗೆಯಬೇಕು, ಡೈಪರ್ ಬದಲಿಸಬೇಕು, ಗಂಜಿ ಕುಡಿಸಬೇಕು, ಮನೆಯವರೊಂದಿಗೆ ಮಾತಾಡಲು ಮೊಬೈಲನ್ನು ಮುಖದೆದುರು ಹಿಡಿದು ನಿಲ್ಲಬೇಕು. ಕಫ ಹೀರುವಾಗ, ನೆಬ್ಯುಲೈಸರ್ ಕೊಡುವಾಗ, ಗಂಟಲಿಗೆ ಕೊಳವೆ ಹಾಕುವಾಗ ಸಣ್ಣ ಕಣಗಳು ಹೇರಳವಾಗಿ ಹೊಮ್ಮಬಹುದು. ಆ ಹೊತ್ತಿನಲ್ಲಿ ನರ್ಸಿನ ಮುಖ ರೋಗಿಯ ಮುಖದಿಂದ ಒಂದು ಗೇಣು ದೂರ. ತೀವ್ರ ನಿಗಾ ಘಟಕದಲ್ಲಿ ವೆಂಟಿಲೇಟರಿನ ಮೇಲಿರುವ ಒಬ್ಬ ರೋಗಿಗೆ ಒಬ್ಬ ನರ್ಸ್ ಎಂಬುದು ಪಠ್ಯಪುಸ್ತಕದ ಲೆಕ್ಕ. ಆ ಲೆಕ್ಕವನ್ನು ನಾನು ಪಠ್ಯಪುಸ್ತಕದಲ್ಲಿ ಮಾತ್ರ ನೋಡಿದ್ದೇನೆ.

ನಮ್ಮ ಸೀಮೆಗೆ ಇನ್ನೊಂದು ಕಷ್ಟ ಸೇರಿಕೊಂಡಿತ್ತು, ಭಾಷೆಯದು. ಶ್ರೀನಿವಾಸಪುರ, ಮುಳಬಾಗಿಲು ಕಡೆಯ ಅಜ್ಜಿಯರು ಮನೆಯಲ್ಲಿ ತೆಲುಗು, ಕೆಜಿಎಫ್ ಕಡೆಯವರು ತಮಿಳು, ಉಳಿದವರು ಕನ್ನಡ, ಉರ್ದು. ಸಾಮಾನ್ಯ ದಿನಗಳಲ್ಲಿ ಮೂರೂವರೆ ಭಾಷೆ ಬೆರೆಸಿ ಮಾತಾಡುವುದೇ ಕೋಲಾರದ ಸಿಸ್ಟರುಗಳ ಗತ್ತು. ಮಾಸ್ಕು, ಅದರ ಮೇಲೆ ಶೀಲ್ಡು, ಕಿವಿ ಮುಚ್ಚುವ ಟೊಪ್ಪಿಗೆ, ಹಿಂದೆ ಆಕ್ಸಿಜನ್ನಿನ ಭೋರ್ಗರೆತ. ಈ ನಡುವೆ ಏದುಸಿರು ಬಿಡುವ ಅಜ್ಜಿ ತೆಲುಗಿನಲ್ಲಿ ಏನೋ ಗೊಣಗಿದರೆ ಕೇಳಿಸುವ ಬಗೆ ಹೇಗೆ? ಬಾಗಿ ಬಾಯಿಯ ಹತ್ತಿರ ಕಿವಿ ಒಯ್ಯಬೇಕು. ಎರಡು ಮೀಟರ್ ದೂರ ಎಂಬ ನಿಯಮ ಬರೆದವರು ಅಜ್ಜಿಯ ಬಾಯಿಂದ "ನೀಳ್ಳು" (ನೀರು) ಎಂಬ ಮಾತು ಕೇಳಿಸಿಕೊಂಡವರಲ್ಲ.

ಇಷ್ಟಾದರೂ, ನನಗೆ ಸೋಂಕು ತಗಲಿದ್ದು ವಾರ್ಡಿನಲ್ಲೇ ಎಂದು ನಾನು ಆಣೆ ಮಾಡಲಾರೆ. ಹೆಚ್ಚು ಅನುಮಾನ ನಮ್ಮ ಟೀ ಕುಡಿಯುವ ಕೋಣೆಯ ಮೇಲೆ.

ಆರು ಗಂಟೆ ನೀರಿಲ್ಲ, ಶೌಚಕ್ಕೆ ಹೋಗುವಂತಿಲ್ಲ. ಹೋದರೆ ಕಿಟ್ ಬಿಚ್ಚಬೇಕು, ಬಿಚ್ಚಿದರೆ ಇನ್ನೊಂದು ಬೇಕು, ಇನ್ನೊಂದು ಕೇಳಿದರೆ ಸ್ಟೋರಿನವರ ಮುಖ ನೋಡಬೇಕು. ತಿಂಗಳ ಮುಟ್ಟಿನ ದಿನಗಳ ಪಾಡನ್ನು ಓದುಗರು ಊಹಿಸಿಕೊಳ್ಳಬಹುದು. ಅಷ್ಟು ಹೊತ್ತು ಬೆವರಿನಲ್ಲಿ ಬೆಂದು ಹೊರಬಂದ ಮೇಲೆ ಎಂಟು ಅಡಿಯ ಒಂದು ಕೋಣೆ. ಅಲ್ಲಿ ಐದಾರು ಜನ ಹೆಂಗಸರು ಮಾಸ್ಕ್ ತೆಗೆದು, ಒಟ್ಟಿಗೆ ನೀರು ಕುಡಿದು, ಫ್ಲಾಸ್ಕಿನ ಟೀ ಬಗ್ಗಿಸಿಕೊಂಡು, ಒಬ್ಬರ ಡಬ್ಬಿಯ ಚಿತ್ರಾನ್ನಕ್ಕೆ ಇನ್ನೊಬ್ಬರ ಉಪ್ಪಿನಕಾಯಿ ಹಾಕಿಕೊಂಡು, ಅಂದು ತೀರಿಕೊಂಡವರ ಬಗ್ಗೆ ಒಂದಿಷ್ಟು ಅತ್ತು, ಇನ್‌ಚಾರ್ಜ್ ಸಿಸ್ಟರನ್ನು ಒಂದಿಷ್ಟು ಬೈದುಕೊಳ್ಳುತ್ತಿದ್ದರು. ಮೈ ಹಗುರವಾಗುತ್ತಿದ್ದ ಹದಿನೈದು ನಿಮಿಷ ಅದು. ರೋಗಿಯ ಹತ್ತಿರ ಹೋಗುವಾಗ ಇದ್ದ ಭಯ ಗೆಳತಿಯ ಪಕ್ಕ ಕೂರುವಾಗ ಇರುವುದಿಲ್ಲ. ಈ ವೈರಸ್ಸಿನ ಜಾಣತನ ಇರುವುದೇ ಅಲ್ಲಿ. ಜ್ವರ, ಕೆಮ್ಮು ಕಾಣಿಸುವ ಎರಡು ದಿನ ಮೊದಲೇ ಅದು ಒಬ್ಬರಿಂದ ಇನ್ನೊಬ್ಬರಿಗೆ ದಾಟಬಲ್ಲದು. ಕೋಣೆಗೆ ಒಂದೇ ಕಿಟಕಿ, ಅದೂ ವಾರ್ಡಿನ ಕಡೆಗಿದ್ದ ಕಾರಣ ಮೊಳೆ ಹೊಡೆದು ಮುಚ್ಚಿದ್ದು. ವಾರ್ಡಿನ ಗಾಳಿ ಬರದಿರಲಿ ಎಂದು ಮುಚ್ಚಿದ ಕಿಟಕಿ ನಮ್ಮ ಉಸಿರನ್ನು ನಮಗೇ ಹಂಚಿತು. ಒಂದೇ ವಾರದೊಳಗೆ ನಾಲ್ವರು ಪಾಸಿಟಿವ್ ಆದೆವು.

ಮೇಲಧಿಕಾರಿಯ ಫಾರಂ ಎಂದೆನಲ್ಲ, ಅದರ ಕಥೆಯೂ ಇದಕ್ಕೆ ಹೊಂದಿಕೊಂಡೇ ಇದೆ. 2020ರ ಮೇ 15ರ ಕೇಂದ್ರ ಆರೋಗ್ಯ ಸಚಿವಾಲಯದ ಸಲಹೆಯ ಪ್ರಕಾರ, ಆರೋಗ್ಯ ಸಿಬ್ಬಂದಿಯ ಸಂಪರ್ಕವನ್ನು ಹೆಚ್ಚು ಅಪಾಯ, ಕಡಿಮೆ ಅಪಾಯ ಎಂದು ವಿಂಗಡಿಸಬೇಕಿತ್ತು. ರಕ್ಷಣಾ ಸಾಧನದಲ್ಲಿ ಲೋಪವಾಗಿ ರೋಗಿಯ ಹತ್ತಿರವಿದ್ದವರು ಹೆಚ್ಚು ಅಪಾಯದ ಗುಂಪಿಗೆ, ಅವರಿಗೆ ಕ್ವಾರಂಟೈನ್. ಉಳಿದವರು ಕೆಲಸ ಮುಂದುವರಿಸಬೇಕು. ಕಾಗದದ ಮೇಲೆ ಇದು ನ್ಯಾಯವಾಗಿಯೇ ಇದೆ. ಎಲ್ಲರನ್ನೂ ಮನೆಗೆ ಕಳುಹಿಸಿದರೆ ವಾರ್ಡ್ ನೋಡುವವರು ಯಾರು? ಆದರೆ ಒಳಗೊಂದು ಗಂಟು ಬಿದ್ದಿತು. ವಿಶ್ರಾಂತಿ ಬೇಕೆಂದರೆ 'ನನ್ನಿಂದ ಲೋಪವಾಯಿತು' ಎಂದು ಬರೆದುಕೊಡಬೇಕು. ಬರೆದುಕೊಟ್ಟರೆ ನಿರ್ಲಕ್ಷ್ಯದ ಹಣೆಪಟ್ಟಿ, ಕೊಡದಿದ್ದರೆ ಮರುದಿನ ಡ್ಯೂಟಿ. ಟೀ ಕೋಣೆಗೆಂದು ಆ ಫಾರಂನಲ್ಲಿ ಒಂದು ಗೆರೆಯೂ ಇರಲಿಲ್ಲ. ನಾನು 'ಲೋಪವಿಲ್ಲ' ಎಂದು ಬರೆದು, ಗಂಟಲು ಕೆರೆಯುತ್ತಿದ್ದರೂ ಇನ್ನೊಂದು ರಾತ್ರಿ ಡ್ಯೂಟಿ ಮಾಡಿದೆ. ಆ ರಾತ್ರಿ ಎಷ್ಟು ಜನರ ಹತ್ತಿರ ಬಾಗಿದೆನೋ. ಈ ಲೆಕ್ಕ ಇನ್ನೂ ನನ್ನ ನಿದ್ದೆ ಕೆಡಿಸುತ್ತದೆ.

ಹೆದರಿಕೆ ಮದ್ದಿನ ರೂಪದಲ್ಲೂ ಬಂದಿತ್ತು. 2020ರ ಮಾರ್ಚಿನಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಸಲಹೆಯಂತೆ ಆರೋಗ್ಯ ಸಿಬ್ಬಂದಿಗೆ ಮುನ್ನೆಚ್ಚರಿಕೆಯಾಗಿ ಹೈಡ್ರಾಕ್ಸಿಕ್ಲೋರೋಕ್ವಿನ್ ಎಂಬ ಮಲೇರಿಯಾ ಮಾತ್ರೆ ಕೊಟ್ಟರು. ಮೊದಲ ದಿನ 400 ಮಿಲಿಗ್ರಾಂ ಎರಡು ಸಲ, ಆಮೇಲೆ ವಾರಕ್ಕೊಮ್ಮೆ. ಮುಂದೆ ನಡೆದ ಪ್ರಯೋಗಗಳಲ್ಲಿ ಅದರಿಂದ ಸೋಂಕು ತಪ್ಪುವುದಿಲ್ಲವೆಂದು ಗೊತ್ತಾಯಿತು. ನುಂಗಿದವರಿಗೆ ಸಿಕ್ಕಿದ್ದು ಧೈರ್ಯ ಮತ್ತು ಹೊಟ್ಟೆ ತೊಳಸು.

ಕೋಲಾರಕ್ಕೆ ಈ ರೋಗ ತಡವಾಗಿ ಬಂತು. ಗೌರಿಬಿದನೂರಿನ ವೃದ್ಧೆಯೊಬ್ಬರು, ಶಿರಾದ ವೃದ್ಧರೊಬ್ಬರು 2020ರ ಮಾರ್ಚ್ ಮುಗಿಯುವ ಮೊದಲೇ ತೀರಿಕೊಂಡಿದ್ದರು. ಪಕ್ಕದ ಚಿಕ್ಕಬಳ್ಳಾಪುರ, ಅದರಾಚೆಯ ತುಮಕೂರು ನಡುಗುತ್ತಿದ್ದಾಗ ನಾವು ಒಂದೂ ಪ್ರಕರಣವಿಲ್ಲದ ಹಸಿರು ವಲಯ. ಮೇ ತಿಂಗಳ ನಡುವಿನಲ್ಲಿ ಮುಳಬಾಗಿಲಿನಲ್ಲಿ ಮೊದಲ ಪ್ರಕರಣಗಳು ಪತ್ತೆಯಾದವು. ಆ ಆರಂಭದ ದಿನಗಳಲ್ಲಿ ಸೋಂಕಿತರಿಗೆ 'ಪಿ' ಅಕ್ಷರದ ಮುಂದೆ ಒಂದು ಸಂಖ್ಯೆ ಇರುತ್ತಿತ್ತು, ಊರು, ವಯಸ್ಸಿನ ಸಮೇತ ಬುಲೆಟಿನ್ನಿನಲ್ಲಿ ಬರುತ್ತಿತ್ತು. ಹೆಸರಿಲ್ಲದಿದ್ದರೇನು, ಸಣ್ಣ ಊರಿನಲ್ಲಿ ಇಂಥ ಬೀದಿಯ ನರ್ಸ್ ಎಂದರೆ ಸಾಕು. ನನ್ನ ಸರದಿ ಬರುವಷ್ಟರಲ್ಲಿ ರಾಜ್ಯದ ಪ್ರಕರಣಗಳು ಲಕ್ಷ ದಾಟಿದ್ದವು; ಗುಂಪಿನಲ್ಲಿ ಗೋವಿಂದ ಎನ್ನುವಂತೆ ನನ್ನದೂ ಒಂದು. ಆದರೆ ನಮ್ಮ ಬೀದಿಗೆ ನಾನೇ ಮೊದಲಿನವಳು.

ನಮ್ಮಲ್ಲಿ ಮನೆಗೆ ಅಮ್ಮ ಬಂದರೆ, ಅಂದರೆ ಮಗುವಿಗೆ ಸಿಡುಬಿನಂಥ ಗುಳ್ಳೆ ಎದ್ದರೆ, ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸುತ್ತಾರೆ. ಆ ಸೊಪ್ಪು ಎರಡು ಮಾತು ಹೇಳುತ್ತದೆ: ಒಳಗೆ ಬರಬೇಡಿ, ಮತ್ತು ಒಳಗಿರುವುದು ದೇವಿ. ಬೀದಿಯವರು ದೂರವೂ ನಿಲ್ಲುತ್ತಾರೆ, ಮಜ್ಜಿಗೆಯನ್ನೂ ತಂದಿಡುತ್ತಾರೆ. ನಮ್ಮ ಬಾಗಿಲಿಗೆ ಅಂಟಿಸಿದ ಚೀಟಿ ಮೊದಲ ಮಾತನ್ನು ಮಾತ್ರ ಹೇಳಿತು. ಹಾಲಿನವನು ಎದುರು ಸಾಲಿಗೆ ದಾಟಿದ. ಮಾಲೀಕರು ನನ್ನ ಗಂಡನಿಗೆ ಫೋನ್ ಮಾಡಿ, "ನಿಮ್ಮ ಮನೆಯವರು ಆಸ್ಪತ್ರೆಯಿಂದ ಬಂದ ಮೇಲೆ ಬೇರೆ ಕಡೆ ನೋಡಿಕೊಳ್ಳಿ, ತಪ್ಪು ತಿಳಿಯಬೇಡಿ" ಎಂದರು. ತಪ್ಪು ತಿಳಿಯದೆ ಇರುವುದು ಹೇಗೆಂದು ಅವರೇ ಹೇಳಿಕೊಡಬೇಕಿತ್ತು. ಆರೋಗ್ಯ ಸಿಬ್ಬಂದಿಯ ಮೇಲೆ ಹಲ್ಲೆ ಮಾಡುವುದಲ್ಲದೆ, ಅವರ ವಾಸಕ್ಕೆ, ಕೆಲಸಕ್ಕೆ ತೊಂದರೆ ಕೊಡುವ ಕಿರುಕುಳವನ್ನೂ ಅಪರಾಧವೆಂದು ಸಾಂಕ್ರಾಮಿಕ ರೋಗಗಳ ಕಾಯ್ದೆಗೆ 2020ರ ಏಪ್ರಿಲ್‌ನಲ್ಲೇ ತಿದ್ದುಪಡಿ ತಂದಿದ್ದರು. ಮೂರು ತಿಂಗಳಿಂದ ಐದು ವರ್ಷದವರೆಗೆ ಶಿಕ್ಷೆ. ನಾವು ದೂರು ಕೊಡಲಿಲ್ಲ. ಅದೇ ಬೀದಿಯಲ್ಲಿ ಬದುಕಬೇಕಲ್ಲ. ಬಾಗಿಲಿಗೆ ಚೀಟಿ ಅಂಟಿಸುವುದನ್ನೂ ಆ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್, ಸಕ್ಷಮ ಅಧಿಕಾರಿಯ ನಿರ್ದೇಶನವಿದ್ದರೆ ಮಾತ್ರ ಎಂದು ಕಟ್ಟಿಹಾಕಿತು. ನಮ್ಮ ಬಾಗಿಲಿನ ಅಂಟು ಇನ್ನೂ ಹಾಗೆಯೇ ಇತ್ತು.

ಆಸ್ಪತ್ರೆಯಲ್ಲಿ ನನ್ನನ್ನು ಮಲಗಿಸಿದ್ದು ನಾನೇ ಎಷ್ಟೋ ಸಲ ಹಾಸಿದ್ದ ಮಂಚದ ಮೇಲೆ.

ರೋಗಿಯಾದ ನರ್ಸಿನ ಕಷ್ಟವೆಂದರೆ ತಿಳಿವಳಿಕೆ. ಮೂರನೆಯ ದಿನ ವಾಸನೆ ಹೋಯಿತು. ಸ್ಪಿರಿಟ್ ಹತ್ತಿಯನ್ನು ಮೂಗಿಗೆ ಒತ್ತಿ ಹಿಡಿದರೂ ಏನೂ ಇಲ್ಲ. ವಾಸನೆಯ ನರಕೋಶಗಳಿಗೆ ಆಸರೆಯಾಗಿ ನಿಂತ ಜೀವಕೋಶಗಳನ್ನು ವೈರಸ್ ಹಾಳುಮಾಡುತ್ತದೆ. ಅವು ಮತ್ತೆ ಬೆಳೆದರೆ ಬಹಳ ಜನರಿಗೆ ಕೆಲವು ವಾರಗಳಲ್ಲಿ ವಾಸನೆ ಮರಳುತ್ತದೆ. ಅದು ನನ್ನನ್ನು ಹೆದರಿಸಲಿಲ್ಲ. ಹೆದರಿಸಿದ್ದು ಕ್ಯಾಲೆಂಡರ್. ಮೊದಲ ವಾರ ಚೆನ್ನಾಗಿದ್ದವರು ಎರಡನೆಯ ವಾರದ ಹೊಸ್ತಿಲಲ್ಲಿ ಕುಸಿಯುವುದನ್ನು ನಾನು ಎರಡು ತಿಂಗಳಿಂದ ನೋಡಿದ್ದೆ. ಆ ಹೊತ್ತಿಗೆ ವೈರಸ್ಸಿಗಿಂತ ಅದರ ಮೇಲೆ ತಿರುಗಿಬಿದ್ದ ದೇಹದ ಸ್ವಂತ ಸೈನ್ಯವೇ ಶ್ವಾಸಕೋಶಕ್ಕೆ ಹೆಚ್ಚು ಹಾನಿ ಮಾಡುತ್ತಿರುತ್ತದೆ. ಉಳಿದ ರೋಗಿಗಳು ಐದನೆಯ ದಿನ ಜ್ವರ ಬಿಟ್ಟಿತೆಂದು ನಗುತ್ತಿದ್ದರು. ನಾನು ಏಳನೆಯ ದಿನಕ್ಕೆ ಕಾಯುತ್ತಿದ್ದೆ.

ಎಂಟನೆಯ ದಿನ ಬೆರಳಿನ ಆಕ್ಸಿಮೀಟರ್, ರಕ್ತದ ಆಕ್ಸಿಜನ್ 92ಕ್ಕೆ ಇಳಿದಿದೆ ಎಂದು ತೋರಿಸಿತು. ಉಸಿರು ಕಟ್ಟುತ್ತಿದೆ ಎಂದು ಮಾತ್ರ ಅನ್ನಿಸಲಿಲ್ಲ. ಇದು ಈ ರೋಗದ ಮೋಸ. ಉಸಿರು ಕಟ್ಟಿದೆ ಎಂದು ಮೆದುಳಿಗೆ ಮುಖ್ಯವಾಗಿ ಸುದ್ದಿ ಕೊಡುವುದು ರಕ್ತದಲ್ಲಿ ಏರುವ ಇಂಗಾಲದ ಡೈಆಕ್ಸೈಡ್. ಆಕ್ಸಿಜನ್ ಇಳಿಯುತ್ತಿದ್ದರೂ ಶ್ವಾಸಕೋಶ ಆ ಅನಿಲವನ್ನು ಹೊರಗೆ ಹಾಕುತ್ತಲೇ ಇದ್ದರೆ, ಮೆದುಳು ಎಲ್ಲವೂ ಸರಿಯಿದೆ ಎಂದುಕೊಳ್ಳುತ್ತದೆ. ಹಾಗಾಗಿಯೇ ಮೊಬೈಲ್ ನೋಡುತ್ತ ಕೂತವರು ದಿಢೀರನೆ ಕುಸಿಯುತ್ತಿದ್ದರು. ನನಗೆ ಆಕ್ಸಿಜನ್ ಹಾಕಿದರು, ಡೆಕ್ಸಾಮೆಥಾಸೋನ್ ಕೊಟ್ಟರು. ಆಕ್ಸಿಜನ್ ಬೇಕಾದವರಲ್ಲಿ ಈ ಅಗ್ಗದ ಸ್ಟೀರಾಯ್ಡ್ ಸಾವನ್ನು ಐದನೆಯ ಒಂದು ಭಾಗದಷ್ಟು, ವೆಂಟಿಲೇಟರಿನ ಮೇಲಿದ್ದವರಲ್ಲಿ ಮೂರನೆಯ ಒಂದು ಭಾಗದಷ್ಟು ತಗ್ಗಿಸುತ್ತದೆ ಎಂದು ಬ್ರಿಟನ್ನಿನ 'ರಿಕವರಿ' ಎಂಬ ಹೆಸರಿನ ಪ್ರಯೋಗ ಆ ಜೂನ್‌ನಲ್ಲಷ್ಟೇ ತೋರಿಸಿತ್ತು. ಎರಡು ತಿಂಗಳು ಮೊದಲು ಬಿದ್ದಿದ್ದರೆ ಅದು ನನಗೆ ಸಿಗುತ್ತಿತ್ತೋ ಇಲ್ಲವೋ.

ರಾತ್ರಿ ಬೋರಲು ಮಲಗಿ ಮಾನಿಟರುಗಳ ಸದ್ದು ಕೇಳುತ್ತಿದ್ದೆ. ಯಾವ ಸದ್ದು ವೈರ್ ಕಳಚಿದ್ದು, ಯಾವುದು ಹೃದಯದ್ದು ಎಂದು ನನಗೆ ಗೊತ್ತು. ಹನ್ನೊಂದನೆಯ ಮಂಚದ ಸದ್ದು ನಿಂತಾಗ ಸಿಸ್ಟರ್ ಓಡದೆ ನಡೆದು ಹೋದದ್ದರಿಂದಲೇ ಏನಾಯಿತೆಂದು ತಿಳಿಯಿತು. ಅವಳು ನನ್ನ ಸಹೋದ್ಯೋಗಿ. ನಾನು ಮಲಗಿದ್ದರಿಂದ ನನ್ನ ಪಾಲಿನ ರೋಗಿಗಳೂ ಅವಳ ತಲೆಗೇ ಬಿದ್ದಿದ್ದರು. ಬೆಲ್ ಒತ್ತಲು ಸಂಕೋಚವಾಗಿ ನೀರು ಕೇಳದೆ ಮಲಗಿದ್ದೇನೆ. ಬೆಳಿಗ್ಗೆ ಅದು ಗೊತ್ತಾಗಿ ಅವಳು, "ನಾಚಿಕೆಯಾಗುವುದಿಲ್ಲವೇ ಸಿಸ್ಟರ್? ನಮ್ಮ ಪೇಷಂಟ್ ಹೀಗೆ ಮಾಡಿದರೆ ಬಿಡುತ್ತಿದ್ದಿರಾ?" ಎಂದು ಗದರಿದಳು. ಕಿಟ್ಟಿನೊಳಗಿನ ಅವಳ ಮುಖ ಕಾಣುತ್ತಿರಲಿಲ್ಲ. ಎದೆಯ ಮೇಲೆ ಮಾರ್ಕರಿನಿಂದ ಬರೆದ ಹೆಸರಿತ್ತು. ಅಲ್ಲಿಯವರೆಗೆ ನಾನು ನನ್ನ ಹೆಸರನ್ನು ಬೆನ್ನಿನ ಮೇಲೆ ಮಾತ್ರ ಬರೆದುಕೊಳ್ಳುತ್ತಿದ್ದೆ, ಜೊತೆಯವರು ಗುರುತಿಸಲೆಂದು. ರೋಗಿಗೆ ಬೇಕಾದದ್ದು ಎದೆಯ ಮೇಲಿನ ಹೆಸರು ಎಂದು ಮಂಚದಿಂದ ನೋಡಿದಾಗ ತಿಳಿಯಿತು.

ಅತ್ತೆಗೆ, ಏಳು ವರ್ಷದ ಮಗನಿಗೆ ನನ್ನಿಂದಲೇ ಬಂತು. ಇಬ್ಬರಿಗೂ ಸುಲಭದಲ್ಲಿ ವಾಸಿಯಾಯಿತು. ಅದರ ಬಗ್ಗೆ ಹೆಚ್ಚು ಬರೆಯಲಾರೆ.

ಅಂದಿನ ನಿಯಮದಂತೆ ಗುಣವಾಗಿ ಮನೆಗೆ ಬಂದವರು ಇನ್ನೂ ಏಳು ದಿನ ಪ್ರತ್ಯೇಕವಾಗಿರಬೇಕಿತ್ತು. ಆಮೇಲೆ ಡ್ಯೂಟಿ. ಕೆಲಸಕ್ಕೆ ಯೋಗ್ಯಳು ಎಂದು ಚೀಟಿ ಕೊಟ್ಟರೂ ಮೆಟ್ಟಿಲು ಒಪ್ಪಲಿಲ್ಲ. ಒಂದು ಮಹಡಿ ಹತ್ತಲು ಎರಡು ಕಡೆ ನಿಲ್ಲುತ್ತಿದ್ದೆ. ಔಷಧಿಯ ಹೆಸರು ನಾಲಿಗೆಯ ತುದಿಗೆ ಬಂದು ನಿಲ್ಲುತ್ತಿತ್ತು. ಸೋಂಕಾಗಿ ಮೂರು ತಿಂಗಳ ಹೊತ್ತಿಗೆ ಕಾಣಿಸಿ, ಕನಿಷ್ಠ ಎರಡು ತಿಂಗಳು ಉಳಿಯುವ, ಬೇರೆ ಕಾರಣ ಸಿಗದ ಇಂಥ ತೊಂದರೆಗಳಿಗೆ ವಿಶ್ವ ಆರೋಗ್ಯ ಸಂಸ್ಥೆ 2021ರ ಅಕ್ಟೋಬರಿನಲ್ಲಿ ಒಂದು ವ್ಯಾಖ್ಯೆ ಕೊಟ್ಟಿತು. ಜನರ ಬಾಯಲ್ಲಿ ಅದು ಲಾಂಗ್ ಕೋವಿಡ್. ನಮ್ಮ ವಾರ್ಡಿನಲ್ಲಿ ಅದಕ್ಕೆ ಆ ವ್ಯಾಖ್ಯೆಗೂ ಮೊದಲೇ ಒಂದು ಹೆಸರಿತ್ತು, ಸೋಮಾರಿತನ.

ದುಡ್ಡಿನ ಮಾತನ್ನೂ ಆಡಬೇಕು. ಕೋವಿಡ್ ಕೆಲಸದಲ್ಲಿದ್ದ ಆರೋಗ್ಯ ಸಿಬ್ಬಂದಿಗೆ 2020ರ ಮಾರ್ಚ್ 30ರಿಂದ ಕೇಂದ್ರ ಸರ್ಕಾರದ 50 ಲಕ್ಷ ರೂಪಾಯಿಯ ವಿಮೆ ಇತ್ತು. ಸತ್ತರೆ ಸಿಗುವ ಹಣ ಅದು. ಬದುಕಿ ಉಳಿದು ಮೆಟ್ಟಿಲು ಹತ್ತಲಾಗದವರಿಗೆ ಅದರಲ್ಲಿ ಏನೂ ಇರಲಿಲ್ಲ. ನನ್ನ ಜೊತೆಗೇ ಪಾಸಿಟಿವ್ ಆದ ಗುತ್ತಿಗೆಯ ಸಿಸ್ಟರಿಗೆ ಆ ತಿಂಗಳು ಅರ್ಧ ಸಂಬಳ ಬಂತು. ಒಂದೇ ಫ್ಲಾಸ್ಕಿನ ಟೀ ಕುಡಿದಿದ್ದೆವು.

ನರ್ಸುಗಳು ಹೀಗೆ ಬೀಳುವುದು ಹೊಸತೇನಲ್ಲ. 2003ರ ಸಾರ್ಸ್ ಹಾವಳಿಯಲ್ಲಿ ಜಗತ್ತಿನಲ್ಲಿ ಸೋಂಕಿತರಾದ ಎಂಟು ಸಾವಿರ ಚಿಲ್ಲರೆ ಜನರಲ್ಲಿ ಐವರಲ್ಲಿ ಒಬ್ಬರು ಆರೋಗ್ಯ ಸಿಬ್ಬಂದಿ. 2018ರ ಮೇ ತಿಂಗಳಲ್ಲಿ ಕೇರಳದ ಪೇರಾಂಬ್ರ ತಾಲ್ಲೂಕು ಆಸ್ಪತ್ರೆಯ ನರ್ಸ್ ಲಿನಿ, ನಿಪಾ ರೋಗಿಯ ಆರೈಕೆ ಮಾಡಿ ಅದೇ ರೋಗದಿಂದ ತೀರಿಕೊಂಡರು. ಆ ರೋಗಿಗೆ ಇರುವುದು ನಿಪಾ ಎಂದು ಆರೈಕೆಯ ಹೊತ್ತಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಕೋವಿಡ್‌ನಲ್ಲಿ 2020ರ ಜನವರಿಯಿಂದ 2021ರ ಮೇವರೆಗೆ ಜಗತ್ತಿನಲ್ಲಿ 80 ಸಾವಿರದಿಂದ 1 ಲಕ್ಷ 80 ಸಾವಿರ ಆರೋಗ್ಯ ಕಾರ್ಯಕರ್ತರು ಸತ್ತಿರಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಕೆಳಗಿನ ಅಂಕಿಗೂ ಮೇಲಿನ ಅಂಕಿಗೂ ನಡುವೆ ಒಂದು ಲಕ್ಷ ಜನರ ಅಂತರ. ಎಣಿಸುವವರು ಇರಲಿಲ್ಲವೆಂದು ಆ ಅಂತರವೇ ಹೇಳುತ್ತದೆ. ಅಂದಹಾಗೆ, ಫ್ಲಾರೆನ್ಸ್ ನೈಟಿಂಗೇಲ್ ಹುಟ್ಟಿ 200 ವರ್ಷವಾಯಿತೆಂದು ಅದೇ ಸಂಸ್ಥೆ 2020ನ್ನು ನರ್ಸುಗಳ ಮತ್ತು ಸೂಲಗಿತ್ತಿಯರ ವರ್ಷವೆಂದು ಮೊದಲೇ ಘೋಷಿಸಿತ್ತು. ಆಕೆ ಬರೆದ 'ಶುಶ್ರೂಷೆಯ ಟಿಪ್ಪಣಿಗಳು' ಪುಸ್ತಕದ ಮೊದಲ ಅಧ್ಯಾಯವೇ ಕೋಣೆಯಲ್ಲಿ ಗಾಳಿ ಆಡಬೇಕು ಎನ್ನುವುದರ ಬಗ್ಗೆ.

2021ರ ಜನವರಿ 16ರಂದು ಲಸಿಕೆ ಶುರುವಾದಾಗ ಮೊದಲ ಸಾಲಿನಲ್ಲಿ ನಾವೇ ಇದ್ದೆವು. ಆ ಬೇಸಿಗೆಯ ಎರಡನೆಯ ಅಲೆಯಲ್ಲಿ, ರಾಜ್ಯದಲ್ಲಿ ಒಂದೇ ದಿನ 50 ಸಾವಿರ ಪ್ರಕರಣ ದಾಟಿದ ಮೇ ತಿಂಗಳಲ್ಲಿ, ನನಗೆ ಮತ್ತೆ ಸೋಂಕು ತಗಲಿತು. ಲಸಿಕೆಯ ಮುಖ್ಯ ಕೆಲಸ ಸೋಂಕನ್ನು ತೀವ್ರವಾಗದಂತೆ ತಡೆಯುವುದು. ಮೂಗಿನ ಬಾಗಿಲಲ್ಲೇ ವೈರಸ್ಸನ್ನು ಪೂರ್ತಿ ನಿಲ್ಲಿಸಲು ಅದಕ್ಕೆ ಆಗುವುದಿಲ್ಲ. ಮೂರು ದಿನ ಮೈಕೈ ನೋವು, ಅಷ್ಟೇ. ಈ ಸಲ ನನ್ನ ಭಯ ನನ್ನ ಬಗ್ಗೆ ಇರಲಿಲ್ಲ. ಹೊರಗೆ ಹಾಸಿಗೆ ಸಿಗದೆ ಆಟೋದಲ್ಲಿ ಕೂತವರು ಕಾಣುತ್ತಿದ್ದರು, ನಾನು ಮನೆಯಲ್ಲಿ ಮಲಗಿದ್ದೆ.

ಮೊನ್ನೆ ಹುಡುಗಿಯರನ್ನು ಕರೆದುಕೊಂಡು ಹಳೆಯ ವಾರ್ಡಿಗೆ ಹೋಗಿದ್ದೆ. ಕಿಟ್ ಬಿಚ್ಚುವ ಕಡೆ ಈಗ ಆಳೆತ್ತರದ ಕನ್ನಡಿ ಇದೆ, ಬಿಚ್ಚುವವರ ಎದುರು ಇನ್ನೊಬ್ಬರು ನಿಂತು ಒಂದೊಂದು ಹಂತವನ್ನೂ ಗಟ್ಟಿಯಾಗಿ ಹೇಳಬೇಕೆಂದು ಗೋಡೆಯ ಮೇಲೆ ಬರೆದಿದ್ದಾರೆ. ಟೀ ಕೋಣೆಯ ಕಿಟಕಿಯ ಮೊಳೆ ಕಿತ್ತಿಲ್ಲ. ಅದರ ಮೇಲೊಂದು ಎಕ್ಸಾಸ್ಟ್ ಫ್ಯಾನ್ ಕೂರಿಸಿದ್ದಾರೆ. ಆರು ಜನ ಒಳಗೆ ಕೂತು ಟೀ ಕುಡಿಯುತ್ತಿದ್ದರು, ಫ್ಯಾನ್ ನಿಂತಿತ್ತು. ಕೆಟ್ಟಿದೆಯೇ ಎಂದು ಕೇಳಿದೆ. "ಇಲ್ಲ ಮೇಡಂ, ಚೆನ್ನಾಗಿಯೇ ಇದೆ. ಹಾಕಿದರೆ ಮಾತು ಕೇಳಿಸುವುದಿಲ್ಲ" ಎಂದರು.